ಬಿಡುಗಡೆಯಾದ ಮೊದಲ ಎರಡು ವಾರ

ಸ್ನೇಹಿತರೇ,

ವ್ಯಸನದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಜನ ಚಟಕ್ಕೆ ಏಕೆ ಬೀಳುತ್ತಾರೆ ಎಂಬಲ್ಲಿಂದ ಆರಂಭಿಸುತ್ತಾರೆ. ನಾನು ಇಂದು ಬೇರೆ ಪ್ರಶ್ನೆ ಎತ್ತಿಕೊಂಡಿದ್ದೇನೆ: ಹೆರಾಯಿನ್‌ನಂಥ ಅಫೀಮು ಜಾತಿಯ ವಸ್ತುಗಳಿಗೆ ಅಂಟಿಕೊಂಡವರಿಗೆ ಸಾವಿನ ಅಪಾಯ ವಿಪರೀತ ಏರುವುದು ಯಾವಾಗ? ದಿನವೂ ಸೇವಿಸುವ ಕಾಲದಲ್ಲಿ ಎಂದು ನಮಗೆ ಅನ್ನಿಸುತ್ತದೆ. ಆದರೆ ಕೆಲಕಾಲ ಬಿಟ್ಟಿದ್ದು ಮತ್ತೆ ಶುರು ಮಾಡಿದ ಹೊತ್ತು ಅದಕ್ಕಿಂತ ಭಯಂಕರವಾದದ್ದು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಹೊರಬಂದ 30,000ಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಆ ರಾಜ್ಯದ ಇತರ ನಿವಾಸಿಗಳಿಗಿಂತ ಸುಮಾರು 13 ಪಟ್ಟು ಹೆಚ್ಚಿತ್ತು. ಮಾದಕ ವಸ್ತುವಿನ ಅತಿ ಸೇವನೆಯಿಂದ ಸಾಯುವ ಅಪಾಯವನ್ನಷ್ಟೇ ತೆಗೆದುಕೊಂಡರೆ 129 ಪಟ್ಟು. ಶಿಕ್ಷೆ ಮುಗಿಸಿ ಮನೆಗೆ ಹೊರಟವರು ಇವರು ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ಕಾರಣ ನಮ್ಮ ದೇಹದಲ್ಲಿಯೇ ಇದೆ. ಈ ವಸ್ತುಗಳು ಮೆದುಳಿನ ಕಾಂಡದಲ್ಲಿರುವ ಉಸಿರಾಟದ ಕೇಂದ್ರವನ್ನು ಮಂದಗೊಳಿಸುತ್ತವೆ. ದಿನನಿತ್ಯ ಸೇವಿಸುವವರ ದೇಹ ಇದಕ್ಕೆ ಒಗ್ಗಿಕೊಂಡು, ಹೊಸಬನೊಬ್ಬನನ್ನು ಕೊಲ್ಲಬಲ್ಲ ಪ್ರಮಾಣವನ್ನೂ ತಾಳಿಕೊಳ್ಳುತ್ತದೆ. ಸೇವನೆ ನಿಂತ ಕೆಲವೇ ವಾರಗಳಲ್ಲಿ ಈ ತಾಳಿಕೆ ಕುಸಿಯುತ್ತದೆ. ಕುಸಿಯದೇ ಉಳಿಯುವುದು ಹಂಬಲ ಮಾತ್ರ. ಹೊರಬಂದವನು ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತಾನೆ, ಉಸಿರು ನಿಲ್ಲುತ್ತದೆ. ಔಷಧದ ಆಸರೆಯಿಲ್ಲದೆ ಕೆಲವು ವಾರ ಇರಿಸಿಕೊಂಡು "ಶುದ್ಧನಾದೆ" ಎಂದು ಕಳುಹಿಸಿಬಿಡುವ ವ್ಯಸನಮುಕ್ತಿ ಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಒಳ್ಳೆಯ ಉದ್ದೇಶದಿಂದಲೇ ನಾವು ಜನರನ್ನು ಅಪಾಯದ ಅಂಚಿಗೆ ತಂದು ನಿಲ್ಲಿಸುತ್ತಿದ್ದೇವೆ.

ಇಲ್ಲಿ ವಿಯೆಟ್ನಾಂ ಯುದ್ಧದ ಸೈನಿಕರ ಉದಾಹರಣೆಯನ್ನು ಕೊಡುವವರಿದ್ದಾರೆ. ಅಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರು ಊರಿಗೆ ಮರಳಿದ ಮೇಲೆ ಮತ್ತೆ ದಾಸರಾಗಲಿಲ್ಲ ಎಂದು 1970ರ ದಶಕದಲ್ಲಿ ಸಂಶೋಧಕಿ ಲೀ ರಾಬಿನ್ಸ್ ತೋರಿಸಿಕೊಟ್ಟರು. ಅದು ನಿಜ, ನನಗೆ ಬಹಳ ಭರವಸೆ ಕೊಡುವ ಸಂಶೋಧನೆಯೂ ಹೌದು. ಆದರೆ ಆ ಸೈನಿಕರು ಯುದ್ಧಭೂಮಿಯನ್ನು ಸಾವಿರಾರು ಮೈಲಿ ಹಿಂದೆ ಬಿಟ್ಟು ಬಂದಿದ್ದರು. ಜೈಲಿನಿಂದ ಹೊರಬಂದವನು ಅದೇ ಬೀದಿಗೆ, ಅದೇ ಸಂಗಕ್ಕೆ, ಬಹಳ ಸಲ ಮನೆಯೂ ಕೆಲಸವೂ ಇಲ್ಲದೆ ಮರಳುತ್ತಾನೆ. ಮನೋಬಲವೊಂದೇ ಸಾಕು ಎಂದು ಆ ಅಧ್ಯಯನದಿಂದ ಸಾಧಿಸಲಾಗದು.

ಹಾಗಾದರೆ ಏನು ಸಾಕು? 1965ರಲ್ಲಿ ನ್ಯೂಯಾರ್ಕ್‌ನಲ್ಲಿ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಮೆಥಡೋನ್ ಚಿಕಿತ್ಸೆಯ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. ನಿಧಾನವಾಗಿ ಕೆಲಸ ಮಾಡುವ ಈ ಔಷಧವನ್ನು ದಿನಕ್ಕೊಮ್ಮೆ ಕುಡಿದರೆ ಹಂಬಲ ತಗ್ಗುತ್ತದೆ, ತಾಳಿಕೆ ಉಳಿಯುತ್ತದೆ. ಒಂದು ಚಟ ಬಿಡಿಸಲು ಇನ್ನೊಂದನ್ನು ಹಚ್ಚುತ್ತೀರಿ ಎಂಬ ಆಕ್ಷೇಪ ಅಂದಿನಿಂದ ಇಂದಿನವರೆಗೂ ಕೇಳಿಬರುತ್ತಿದೆ. ದೇಹ ಔಷಧವನ್ನು ಅವಲಂಬಿಸುವುದು ಬೇರೆ, ಅದಕ್ಕಾಗಿ ಬದುಕನ್ನೇ ಹಾಳುಮಾಡಿಕೊಳ್ಳುವುದು ಬೇರೆ. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಯಾರೂ ವ್ಯಸನಿ ಎನ್ನುವುದಿಲ್ಲ. ಫ್ರಾನ್ಸ್ 1990ರ ದಶಕದ ನಡುವಿನಲ್ಲಿ ಇದೇ ಬಗೆಯ ಬ್ಯೂಪ್ರೆನಾರ್ಫಿನ್ ಔಷಧವನ್ನು ಬರೆದುಕೊಡಲು ಸಾಮಾನ್ಯ ವೈದ್ಯರಿಗೂ ಅವಕಾಶ ಕೊಟ್ಟಿತು. 1995ರಿಂದ 1999ರೊಳಗೆ ಅಲ್ಲಿ ಅತಿ ಸೇವನೆಯ ಸಾವುಗಳು ಶೇ. 79ರಷ್ಟು ಇಳಿದವು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಈ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕಾನೂನಿನ ವಿಷಯ ಚುಟುಕಾಗಿ. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ಕೈಬಿಟ್ಟಾಗ ಚಿಕಿತ್ಸೆಯನ್ನೂ ಜೊತೆಯಲ್ಲೇ ವಿಸ್ತರಿಸಿತು. ಅಮೆರಿಕದ ಒರೆಗಾನ್ ರಾಜ್ಯ 2021ರಲ್ಲಿ ಅದೇ ಹಾದಿ ಹಿಡಿಯಿತು, ಆದರೆ ಚಿಕಿತ್ಸೆಯ ಹಣ ತಲುಪುವುದು ತಡವಾಯಿತು. 2024ರಲ್ಲಿ ಅಲ್ಲಿ ಅದು ಮತ್ತೆ ಅಪರಾಧವಾಯಿತು. ಕಾನೂನು ಸಡಿಲಿಸಿ ಆಸ್ಪತ್ರೆಯ ಬಾಗಿಲು ಮುಚ್ಚಿಟ್ಟರೆ ಅರ್ಧ ಕೆಲಸವೂ ಆದಂತಲ್ಲ.

ನೀವೆಲ್ಲರೂ ತಿಳಿದಿರಲೇಬೇಕಾದ ಸಂಗತಿ ಇನ್ನೊಂದಿದೆ. ಎಬ್ಬಿಸಿದರೂ ಏಳದಿರುವುದು, ಗೊರಕೆಯಂಥ ಸದ್ದು, ನೀಲಿಗಟ್ಟುವ ತುಟಿ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ: ಇವು ಅತಿ ಸೇವನೆಯ ಲಕ್ಷಣಗಳು. ನಲೊಕ್ಸೋನ್ ಎಂಬ ಔಷಧವನ್ನು ಮೂಗಿಗೆ ಸಿಂಪಡಿಸಿದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಅದರ ಪರಿಣಾಮ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ದೇಹದಲ್ಲಿರುವ ಮಾದಕ ವಸ್ತು ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ಆದ್ದರಿಂದ ಆಂಬುಲೆನ್ಸ್ ಕರೆಯಲೇಬೇಕು, ಪಕ್ಕದಲ್ಲೇ ಇರಬೇಕು.

ಈಗ ಆ ಎರಡು ವಾರಗಳಿಗೆ ಏನು ಮಾಡಬಹುದು? ಇಂಗ್ಲೆಂಡ್‌ನ ಜೈಲುಗಳ ಕುರಿತು 2017ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಬಿಡುಗಡೆಯ ಹೊತ್ತಿಗೆ ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ಪಡೆಯುತ್ತಿದ್ದವರಲ್ಲಿ ಮೊದಲ ತಿಂಗಳ ಸಾವು, ಪಡೆಯದವರಿಗಿಂತ ಶೇ. 75ರಷ್ಟು ಕಡಿಮೆ. ಆದರೂ ಎಷ್ಟೋ ದೇಶಗಳಲ್ಲಿ ಹೊರಗೆ ಮೆಥಡೋನ್ ಪಡೆಯುತ್ತಿದ್ದವರಿಗೂ ಜೈಲು ಸೇರಿದೊಡನೆ ಅದನ್ನು ನಿಲ್ಲಿಸಿಬಿಡುತ್ತಾರೆ. ಇದು ಮೊದಲು ಬದಲಾಗಬೇಕು. ಚಿಕಿತ್ಸೆ ಜೈಲಿನೊಳಗೇ ಆರಂಭವಾಗಬೇಕು, ಬಿಡುಗಡೆಯ ದಿನ ಕೈಯಲ್ಲಿ ನಲೊಕ್ಸೋನ್ ಇರಬೇಕು, ಮರುದಿನ ಯಾವ ಕ್ಲಿನಿಕ್‌ಗೆ, ಎಷ್ಟು ಗಂಟೆಗೆ ಹೋಗಬೇಕು ಎಂಬುದು ಹಿಂದಿನ ವಾರವೇ ನಿಗದಿಯಾಗಿರಬೇಕು.