ಊರು ಬಿಟ್ಟವರ ತಂಡ

ಕೇಳುಗರಿಗೆ ನಮಸ್ಕಾರ.

1998ರ ಜನವರಿ. ಇಂಗ್ಲೆಂಡಿನಲ್ಲಿ ನ್ಯೂಕ್ಯಾಸಲ್‌ಗೂ ಬೋಲ್ಟನ್‌ಗೂ ಫುಟ್‌ಬಾಲ್ ಪಂದ್ಯ. ಇನ್ನೇನು ಡ್ರಾ ಎನ್ನುವಷ್ಟರಲ್ಲಿ, ಬದಲಿ ಆಟಗಾರನಾಗಿ ಇಳಿದಿದ್ದ ಜಾರ್ಜಿಯಾದವರೊಬ್ಬರು ಗೋಲು ಹೊಡೆದರು. ಆಮೇಲೆ ಆದದ್ದು ಸಂಭ್ರಮವೋ ಸಿಟ್ಟೋ, ನೋಡಿದವರಿಗೂ ಗೊತ್ತಾಗಲಿಲ್ಲ. ಅಂಗಿ ಕಿತ್ತೆಸೆದರು. ಗೆರೆಯಾಚೆಯ ಜಾಹೀರಾತು ಫಲಕಗಳನ್ನು ದಬದಬ ಒದ್ದರು. ತಡೆಯಲು ಬಂದ ಜೊತೆಗಾರರನ್ನು ಕೊಡವಿ ಮತ್ತೆ ಒದ್ದರು!

ಅವರೇ ತೆಮುರಿ ಕೆತ್ಸ್‌ಬಾಯಾ. ನ್ಯೂಕ್ಯಾಸಲ್ ಪರ 1998, 1999ರಲ್ಲಿ ಇಂಗ್ಲೆಂಡಿನ ಹಳೆಯ ನಾಕ್‌ಔಟ್ ಟೂರ್ನಿಯಾದ ಎಫ್‌ಎ ಕಪ್‌ನ ಫೈನಲ್‌ಗಳಲ್ಲಿ ಆಡಿದರು, ಎರಡೂ ಸೋಲು. ಜನ ಇವತ್ತಿಗೂ ನೆನೆಯುವುದು ಆ ಒದೆತವನ್ನೇ. ನನ್ನನ್ನು ಕೇಳಿದರೆ, ಅವರ ದೊಡ್ಡ ಕೆಲಸ ಇರುವುದು ಸೈಪ್ರಸ್ ದ್ವೀಪದಲ್ಲಿ.

ಕೆತ್ಸ್‌ಬಾಯಾ ಹುಟ್ಟಿದ್ದು 1968ರಲ್ಲಿ, ಜಾರ್ಜಿಯಾದಿಂದ ಬೇರೆಯಾಗಲು ಹೊರಟ ಅಬ್ಖಾಜಿಯಾ ಪ್ರದೇಶದ ಗಾಲಿ ಊರಿನಲ್ಲಿ. ತೊಂಬತ್ತರ ದಶಕದ ಮೊದಲಲ್ಲಿ ಸೈಪ್ರಸ್‌ನ ಅನಾರ್ಥೋಸಿಸ್ ಕ್ಲಬ್ ಸೇರಿದರು. ಅಷ್ಟರಲ್ಲಿ, 1992ರಲ್ಲಿ, ಅಬ್ಖಾಜಿಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆಮಠ ಬಿಟ್ಟು ಓಡಬೇಕಾಯಿತು. ಕೆತ್ಸ್‌ಬಾಯಾ ಸೇರಿದ ಕ್ಲಬ್ಬಿನ ಪಾಡೂ ಅದೇ. ಅನಾರ್ಥೋಸಿಸ್‌ನ ಊರು ಫಾಮಗುಸ್ತಾ. 1974ರಲ್ಲಿ ಟರ್ಕಿಯ ಸೈನ್ಯ ಆ ಊರನ್ನು ಹಿಡಿದ ಮೇಲೆ ಕ್ಲಬ್ ಲಾರ್ನಕಾದಲ್ಲಿ ನೆಲೆ ಕಂಡುಕೊಂಡಿತು. ಹೆಸರಿನಲ್ಲಿ ಮಾತ್ರ ಫಾಮಗುಸ್ತಾ ಉಳಿಯಿತು.

ಗ್ರೀಸ್, ಇಂಗ್ಲೆಂಡ್, ಸ್ಕಾಟ್ಲೆಂಡ್ ಸುತ್ತಿ ಬಂದವರು ಅದೇ ಕ್ಲಬ್ಬಿಗೆ ಕೋಚ್ ಆದರು. ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ 2005ರ ಅರ್ಹತಾ ಸುತ್ತಿನಲ್ಲಿ ಎದುರಾದದ್ದು ಟರ್ಕಿಯದೇ ಟ್ರಾಬ್ಜಾನ್‌ಸ್ಪೋರ್. ತವರಿನಲ್ಲಿ 3–1ರ ಗೆಲುವು, ಅಲ್ಲಿ 0–1ರ ಸೋಲು, ಒಟ್ಟು ಲೆಕ್ಕದಲ್ಲಿ ಮುಂದಿನ ಸುತ್ತು. ಆ ಗೆಲುವಿನ ತೂಕ ಏನೆಂದು ಫಾಮಗುಸ್ತಾದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

2008ರಲ್ಲಂತೂ ವಿಯೆನ್ನಾದ ರಾಪಿಡ್ ತಂಡವನ್ನೂ ಗ್ರೀಸಿನ ದೈತ್ಯ ಒಲಿಂಪಿಯಾಕೋಸನ್ನೂ ತಮ್ಮಲ್ಲಿಗೆ ಕರೆದು ತಲಾ 3–0ರಿಂದ ಬಡಿದರು. ಸೈಪ್ರಸ್‌ನ ಕ್ಲಬ್ಬೊಂದು ಚಾಂಪಿಯನ್ಸ್ ಲೀಗ್ ಗುಂಪು ಹಂತ ಮುಟ್ಟಿದ್ದು ಅದೇ ಮೊದಲು. ಅಲ್ಲಿ ಗ್ರೀಸಿನ ಪನಾಥಿನಾಯ್ಕೋಸ್ ಮೇಲೆ 3–1ರ ಗೆಲುವು. ಹೆಸರಾಂತ ಕೋಚ್ ಮೊರಿನ್ಯೊ ಅವರ, ಇಟಲಿಯ ಇಂಟರ್ ಮಿಲಾನ್ ಜೊತೆ 3–3ರ ಡ್ರಾ! ಆರು ಅಂಕ ಬಂದರೂ ಗುಂಪಿನಲ್ಲಿ ಕೊನೆಯ ಸ್ಥಾನವೇ ಆಯಿತು, ಆ ಮಾತು ಬೇರೆ.

ಸೋತ ಒಲಿಂಪಿಯಾಕೋಸ್ ಕ್ಲಬ್ ಮುಂದೆ ಕೆತ್ಸ್‌ಬಾಯಾರನ್ನೇ ಕೋಚ್ ಮಾಡಿಕೊಂಡಿತು, ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. ಮುಂದೆ 2014ರವರೆಗೆ ಜಾರ್ಜಿಯಾ ರಾಷ್ಟ್ರೀಯ ತಂಡದ ಹೊಣೆ. ಆಮೇಲೊಮ್ಮೆ ಸೈಪ್ರಸ್ ರಾಷ್ಟ್ರೀಯ ತಂಡದ್ದೂ ಅವರ ಪಾಲಿಗೆ ಬಂತು. 2024ರ ಯೂರೋ ಕಪ್ ಅರ್ಹತಾ ಸುತ್ತಿನಲ್ಲಿ ಸೈಪ್ರಸ್ ಬಿದ್ದದ್ದು ಜಾರ್ಜಿಯಾ ಇದ್ದ ಗುಂಪಿಗೇ. ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಕೆತ್ಸ್‌ಬಾಯಾ ಎದುರು ಪಾಳಯದ ಬೆಂಚಿನಲ್ಲಿದ್ದರು. ಜಾರ್ಜಿಯಾ 4–0ರಿಂದ ಗೆದ್ದಿತು.