ಕುಣಿಸುವ ಹಾಡು, ಕೇಳಿಸದ ಮಾತು

ಕೇಳುಗರಿಗೆ ನಮಸ್ಕಾರ.

2020ರ ಲಾಕ್‌ಡೌನ್ ದಿನಗಳಲ್ಲಿ ನಿಮ್ಮ ಮೊಬೈಲಿಗೂ ಆ ಕುಣಿತ ಬಂದಿರಬೇಕು. ಅಂಗೋಲಾ ದೇಶದ ಲುವಾಂಡಾದಲ್ಲಿ ಒಂದಷ್ಟು ಗೆಳೆಯರು ಊಟದ ತಟ್ಟೆಯನ್ನು ಕೈಯಲ್ಲಿ ಹಿಡಿದೇ ಸಾಲಾಗಿ ಹೆಜ್ಜೆ ಹಾಕುತ್ತಾರೆ. ಹಾಡು ಮಾತ್ರ ದಕ್ಷಿಣ ಆಫ್ರಿಕಾದ್ದು, 'ಜೆರುಸಲೆಮಾ'. ಸಂಗೀತ ಮಾಸ್ಟರ್ ಕೆಜಿ ಅವರದು, ದನಿ ನೊಮ್ಸೆಬೊ ಝಿಕೋಡೆ ಅವರದು. ನರ್ಸುಗಳು ಕುಣಿದರು, ಪೊಲೀಸರು ಕುಣಿದರು, ಕ್ರೈಸ್ತ ಸನ್ಯಾಸಿನಿಯರೂ ಬಿಡಲಿಲ್ಲ. ಆದರೆ ಝಿಕೋಡೆ ಜುಲು ಭಾಷೆಯಲ್ಲಿ ಹಾಡುತ್ತಿದ್ದುದು ಒಂದು ಪ್ರಾರ್ಥನೆ. ನನ್ನ ಜಾಗ ಇದಲ್ಲ, ನನ್ನನ್ನು ಕಾಯಿ, ನನ್ನ ಜೊತೆ ನಡೆ, ಇಲ್ಲಿ ಬಿಟ್ಟುಹೋಗಬೇಡ ಅಂತ. ಮನೆಯೊಳಗೆ ಸಿಕ್ಕಿಕೊಂಡು ಸಾವಿನ ಲೆಕ್ಕ ಕೇಳುತ್ತಿದ್ದ ಜಗತ್ತು ಇದೇ ಹಾಡಿಗೆ ಕುಣಿಯಿತು. ಬಹುಪಾಲು ಜನಕ್ಕೆ ಒಂದು ಸಾಲೂ ಅರ್ಥವಾಗದೆ.

ಕಾಲು ಮೊದಲು ಕೇಳುತ್ತದೆ, ತಲೆ ಆಮೇಲೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿಗೇ ನಿಂತರೆ ಅರ್ಧ ಹಾಡು ಕೈತಪ್ಪುತ್ತದೆ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡವನ್ನು 'ಆಫ್ರಿಕನ್ ಮ್ಯೂಸಿಕ್' ಅಂತ ಒಂದೇ ಡಬ್ಬಿಗೆ ತುಂಬುವುದೂ ನನಗೆ ಸರಿಬರುವುದಿಲ್ಲ. ಹಾಗಾಗಿ ಇವತ್ತು ಜಿಂಬಾಬ್ವೆಗೆ ಮಾತ್ರ ಹೋಗೋಣ, ಇಬ್ಬರು ಹಾಡುಗಾರರ ಮನೆಬಾಗಿಲಿಗೆ.

ಅದಕ್ಕೆ ಮೊದಲು ಒಂದು ವಾದ್ಯ ನೋಡಬೇಕು. ಹೆಸರು ಎಂಬಿರಾ. ಅಂಗೈಗಿಂತ ಸ್ವಲ್ಪ ದೊಡ್ಡ ಮರದ ಹಲಗೆ, ಅದರ ಮೇಲೆ ಸಾಲಾಗಿ ಬಿಗಿದ ಕಬ್ಬಿಣದ ಪಟ್ಟಿಗಳು. ಎರಡು ಹೆಬ್ಬೆರಳು, ಒಂದು ತೋರುಬೆರಳಿನಿಂದ ಮೀಟುತ್ತಾರೆ. ದನಿ ದೊಡ್ಡದಾಗಲಿ ಅಂತ ಇಡೀ ವಾದ್ಯವನ್ನು ದೊಡ್ಡ ಸೋರೆಬುರುಡೆಯೊಳಗೆ ಇಡುತ್ತಾರೆ. ಹಲಗೆಗೂ ಬುರುಡೆಗೂ ಚಿಪ್ಪುಗಳನ್ನೋ ಸೋಡಾ ಬಾಟಲಿಯ ಮುಚ್ಚಳಗಳನ್ನೋ ಸಿಕ್ಕಿಸಿರುತ್ತಾರೆ. ಮೀಟಿದಾಗ ಅವೆಲ್ಲ ಝರ್ ಝರ್ ಅನ್ನುತ್ತವೆ. ಹೊಸದಾಗಿ ಕೇಳುವವರಿಗೆ ಸ್ಪೀಕರ್ ಹರಿದಿದೆಯೇನೋ ಅನ್ನಿಸೀತು. ಆ ಝರ್ ಸದ್ದಿಲ್ಲದಿದ್ದರೆ ಅಲ್ಲಿನ ಬಹುಸಂಖ್ಯಾತ ಶೋನಾ ಜನರಿಗೆ ಎಂಬಿರಾ ಸಪ್ಪೆ. ರಾತ್ರಿಯಿಡೀ ಇದನ್ನು ನುಡಿಸಿ ಹಿರಿಯರ ಆತ್ಮಗಳನ್ನು ಮೈಮೇಲೆ ಕರೆಸಿಕೊಳ್ಳುವ ಪದ್ಧತಿ ಅಲ್ಲಿಯದು.

1970ರ ದಶಕದಲ್ಲಿ ಆ ದೇಶದ ಹೆಸರು ರೊಡೇಷ್ಯಾ, ಆಳುತ್ತಿದ್ದವರು ಅಲ್ಪಸಂಖ್ಯಾತ ಬಿಳಿಯರು. ಪಾಶ್ಚಾತ್ಯ ರಾಕ್ ಹಾಡುಗಳನ್ನು ಹಾಡಿಕೊಂಡಿದ್ದ ಥಾಮಸ್ ಮಾಪ್‌ಫುಮೊ ಆಗ ಶೋನಾ ಭಾಷೆಗೆ ತಿರುಗಿದರು. ಅವರ ಗಿಟಾರ್ ವಾದಕರು ತಂತಿಯನ್ನು ಅಂಗೈಯಿಂದ ಅದುಮಿ ಹಿಡಿದು ಮೀಟಿ, ಎಂಬಿರಾದ ಸುರುಳಿ ಸುತ್ತುವ ನಡೆಯನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಹೊರಡಿಸಿದರು. ಈ ಸಂಗೀತಕ್ಕೆ ಬಂದ ಹೆಸರೇ ಚಿಮುರೆಂಗಾ, ಅಂದರೆ ಹೋರಾಟ. ಹಳ್ಳಿಯ ಕಷ್ಟ, ಮಕ್ಕಳನ್ನು ಯುದ್ಧಕ್ಕೆ ಕಳಿಸುವ ಮಾತು, ಎಲ್ಲ ಹಾಡಿನಲ್ಲಿತ್ತು. ಶೋನಾ ಗಾದೆ, ಒಗಟುಗಳ ಮರೆಯಲ್ಲಿ ಇದ್ದುದರಿಂದ ಅಧಿಕಾರಿಗಳಿಗೆ ತಡವಾಗಿ ಹೊಳೆಯಿತು. ಹೊಳೆದ ಮೇಲೆ ಸರ್ಕಾರಿ ರೇಡಿಯೊದಲ್ಲಿ ಅವರ ಹಾಡುಗಳಿಗೆ ಬಾಗಿಲು ಮುಚ್ಚಿತು, 1979ರಲ್ಲಿ ಅವರನ್ನೂ ಹಿಡಿದು ಒಳಗಿಟ್ಟರು. ಅಷ್ಟರಲ್ಲಿ ಪಕ್ಕದ ಮೊಜಾಂಬಿಕ್‌ನಿಂದ ಹೋರಾಟಗಾರರು ನಡೆಸುತ್ತಿದ್ದ ಬಾನುಲಿಯನ್ನು ಜನ ಕದ್ದು ಕೇಳುತ್ತಿದ್ದರು. ರೇಡಿಯೊದಲ್ಲಿ ಮಾತಾಡುವ ನನಗೆ ಈ ಸಂಗತಿ ಕೊಂಚ ಹೆಮ್ಮೆ ತರುತ್ತದೆ, ನನ್ನ ಪಾಲು ಅದರಲ್ಲಿ ಏನೂ ಇಲ್ಲದಿದ್ದರೂ.

1980ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯ ಬಂತು. ಮಾಪ್‌ಫುಮೊ ಸುಮ್ಮನಾಗಲಿಲ್ಲ. ಒಂಬತ್ತು ವರ್ಷಗಳ ಮೇಲೆ 'ಕರಪ್ಷನ್' ಅಂತ ಹಾಡಿದರು, ಈ ಸಲ ತಮ್ಮವರದೇ ಸರ್ಕಾರದ ಮೇಲೆ. ಕಡೆಗೆ ಅಮೆರಿಕದ ಆರೆಗನ್ ರಾಜ್ಯಕ್ಕೆ ಹೋಗಿ ನೆಲೆಸಬೇಕಾಯಿತು. ಮತ್ತೆ ಜಿಂಬಾಬ್ವೆಯ ರಾಜಧಾನಿ ಹರಾರೆಯ ವೇದಿಕೆ ಹತ್ತಿದ್ದು 2018ರಲ್ಲಿ, ಅಧ್ಯಕ್ಷ ಮುಗಾಬೆ ಕುರ್ಚಿಯಿಂದ ಇಳಿದ ಮೇಲೆ.

ಇನ್ನೊಬ್ಬರು ಆಲಿವರ್ ಮ್ಟುಕುಡ್ಜಿ. ಜನರ ಬಾಯಲ್ಲಿ ಟುಕು. ಗಂಟಲಲ್ಲಿ ಸ್ವಲ್ಪ ಮರಳು ಸೇರಿದಂಥ ದನಿ, ಮುಖದಲ್ಲಿ ನಗು. ಇವರು ಯಾರನ್ನೂ ಹೆಸರೆತ್ತಿ ಬಯ್ದವರಲ್ಲ. 'ವಸಾಕರಾ' ಅನ್ನುವ ಹಾಡಿನಲ್ಲಿ ಒಬ್ಬ ಮುದುಕನಿಗೆ ಹೇಳುತ್ತಾರೆ: ವಯಸ್ಸಾಯಿತು, ಸವೆದಿದ್ದೀಯ, ಒಪ್ಪಿಕೊ. ಇಷ್ಟೇ. ಯಾವ ಮನೆಯ ಅಜ್ಜನಿಗಾದರೂ ಹೇಳಬಹುದಾದ ಮಾತು. ಆದರೆ ಹಾಡು ಬಂದಾಗ ಮುಗಾಬೆಗೆ ಎಪ್ಪತ್ತೈದು ದಾಟಿತ್ತು. ಹರಾರೆಯ ಒಂದು ಸಂಗೀತ ಕಛೇರಿಯಲ್ಲಿ ಈ ಹಾಡು ನಡೆಯುತ್ತಿದ್ದಾಗ ಬೆಳಕಿನ ಹೊಣೆ ಹೊತ್ತಿದ್ದವನು ದೀಪವನ್ನು ನೇರ ಗೋಡೆಯ ಮೇಲಿದ್ದ ಅಧ್ಯಕ್ಷರ ಭಾವಚಿತ್ರಕ್ಕೆ ತಿರುಗಿಸಿಬಿಟ್ಟ. ಪೊಲೀಸರು ಹಿಡಿದುಕೊಂಡು ಹೋದದ್ದು ಅವನನ್ನು, ಹಾಡಿದವರನ್ನಲ್ಲ. ಕೇಳಿದವರಿಗೆಲ್ಲ ಟುಕು, ಅದು ಮುಪ್ಪಿನ ಹಾಡು ಅಷ್ಟೇ ಅನ್ನುತ್ತಿದ್ದರು.

ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಅವರ 'ತೋದಿ'. ಭಜನೆ ಮೇಳದ ಹಾಗೆ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ತಾಳ ಹಗುರ, ಮೊದಲ ಸಲಕ್ಕೇ ಬಾಯಿಗೆ ಹತ್ತುತ್ತದೆ. ಹಿಮ್ಮೇಳದ ಮಾತು ಏನು ಗೊತ್ತೇ? ನಾವೇನು ಮಾಡೋಣ, ನಾವೇನು ಮಾಡೋಣ ಅಂತ, ಶೋನಾದಲ್ಲಿ, ಅಲ್ಲಿನ ಇನ್ನೊಂದು ಭಾಷೆ ಎಂಡೆಬೆಲೆಯಲ್ಲಿ, ಇಂಗ್ಲಿಷಿನಲ್ಲಿ. ಅದು 1990ರ ದಶಕದ ಕೊನೆ. ಆ ದೇಶದ ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರಿಗೆ ಎಚ್‌ಐವಿ ಸೋಂಕಿತ್ತು. ಮನೆಮನೆಯಲ್ಲೂ ಸಾವು, ಕಾಯಿಲೆಯ ಹೆಸರು ಹೇಳಲು ಮಾತ್ರ ನಾಚಿಕೆ. ಸಾವನ್ನು ಕೈಯಲ್ಲಿ ಎತ್ತಿಕೊಂಡು ಸಾಕುವುದು ಎಷ್ಟು ನೋವು ಅನ್ನುತ್ತದೆ ಒಂದು ಸಾಲು. ರೋಗಿಯ ಆರೈಕೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುದ್ಧಿವಾದವಿಲ್ಲ, ಬೆದರಿಕೆಯಿಲ್ಲ, ಪ್ರಶ್ನೆಗೆ ಉತ್ತರವೂ ಇಲ್ಲ. ಗೋಡೆಗೆ ಅಂಟಿಸಿದ ಪೋಸ್ಟರು ಹೇಳಲಾಗದ್ದನ್ನು ಮದುವೆಮನೆಯಲ್ಲಿ ಕುಣಿಯುತ್ತ ಜನ ಒಟ್ಟಿಗೆ ಕೂಗಿ ಕೇಳಿದರು.

2019ರ ಜನವರಿಯಲ್ಲಿ ಟುಕು ತೀರಿಕೊಂಡಾಗ ಸರ್ಕಾರ ಅವರನ್ನು ರಾಷ್ಟ್ರವೀರ ಎಂದು ಸಾರಿತು. ಹಾಡುಗಾರರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಮನೆಯವರು ಅವರನ್ನು ಹರಾರೆಯ ವೀರರ ಸಮಾಧಿ ಭೂಮಿಗೆ ಕೊಡದೆ, ಹಿರಿಯರ ಊರಾದ ಮಡ್ಜಿವಾದಲ್ಲಿ ಮಣ್ಣು ಮಾಡಿದರು.

ನೀವು ಕೇಳಲು ಶುರುಮಾಡುವುದಾದರೆ ಮಾಪ್‌ಫುಮೊ ಅವರಿಂದ ಬೇಡ. ಆ ಸುರುಳಿಗೆ ಕಿವಿ ಪಳಗಲು ಸಮಯ ಬೇಕು. 'ತೋದಿ'ಯಿಂದ ಶುರುಮಾಡಿ. ಮೊದಲು ಅರ್ಥದ ಗೊಡವೆ ಬಿಟ್ಟು ಕೇಳಿ, ಬೇಕಿದ್ದರೆ ಕುಣಿಯಿರಿ. ಎರಡನೇ ಸಲ ಹಿಮ್ಮೇಳ ಬಂದಾಗ ನೀವೂ ದನಿಗೂಡಿಸಿ. ನಮಸ್ಕಾರ.