ಗಡ್ಡೆ ಬೇರೆ, ಬಾವು ಬೇರೆ

ಕಾರವಾರ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಮೆದುಳಿನ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು "ಅಯ್ಯೋ, ಗಡ್ಡೆ ಇಷ್ಟು ದೊಡ್ಡದಾ?" ಅಂತ ಮನೆಯವರು ಎದೆ ಒಡೆದುಕೊಳ್ಳುತ್ತಾರೆ. ಅಲ್ಲ ಮಾರಾಯರೆ. ಗಡ್ಡೆ ಬೇರೆ, ಬಾವು ಬೇರೆ. ಸುತ್ತ ಬೆರಳು ಚಾಚಿದಂತೆ ಕಾಣುವುದು ಬಹುಪಾಲು ನೀರು. ಅಡಿಕೆಯಷ್ಟು ಗಡ್ಡೆಗೆ ಮಾವಿನಕಾಯಿಯಷ್ಟು ಬಾವು ಇದ್ದೀತು.

ನೀರು ಎಲ್ಲಿಂದ ಬಂತು? ರಕ್ತದಿಂದ. ಕುಮಟಾ ಕಡೆಯ ಗಜನಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆ, ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಘನಾಶಿನಿ ನದಿಯ ಉಪ್ಪುನೀರು ಕಗ್ಗ ಭತ್ತದ ಗದ್ದೆಗೆ ನುಗ್ಗದಂತೆ ಮಣ್ಣಿನ ಕಟ್ಟೆ, ಬೇಕಾದಷ್ಟೇ ಒಳಗೆ ಬಿಟ್ಟು ಹೆಚ್ಚಾದದ್ದನ್ನು ಹೊರಹಾಕಲು ಜಂತ್ರಡಿ ಎಂಬ ತೂಬಿನ ಹಲಗೆ. ಏಡಿ ಕಟ್ಟೆಯಲ್ಲಿ ಬಿಲ ಕೊರೆಯಿತು ಅನ್ನಿ. ಮೊದಲು ಬರೀ ಜಿನುಗು, ಯಾರೂ ಗಮನಿಸುವುದಿಲ್ಲ. ಉಬ್ಬರದ ಒತ್ತಡಕ್ಕೆ ಬಿಲದ ಬಾಯಿ ಅಗಲವಾಗುತ್ತದೆ, ನೀರು ತಗ್ಗಿನ ಸಾಲು ಹಿಡಿದು ದೂರದ ಗದ್ದೆಗೂ ತಲುಪುತ್ತದೆ. ಹೊರಗೆ ಬಿಡೋಣವೆಂದರೆ ಇಳಿತಕ್ಕೆ ಕಾಯಬೇಕು.

ಮೆದುಳಿನ ರಕ್ತನಾಳಕ್ಕೂ ಇಂಥದೇ ಕಟ್ಟೆ. ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಬೆಳೆಯುವ ಗಡ್ಡೆಗೆ ಆಮ್ಲಜನಕ ಸಾಲದಾದಾಗ ಅದು ವಿಇಜಿಎಫ್ ಎಂಬ ಪ್ರೋಟೀನ್ ಸುರಿಸುತ್ತದೆ. ಏಡಿ ಇದೇ. 1983ರಲ್ಲಿ ಪತ್ತೆಯಾದಾಗ ಇದಕ್ಕಿಟ್ಟ ಹೆಸರಿನ ಅರ್ಥವೇ ರಕ್ತನಾಳ ಸೋರಿಸುವ ಅಂಶ ಎಂದು. ಹೊಲಿಗೆ ಸಡಿಲವಾಗುತ್ತದೆ. ಗಡ್ಡೆ ತನಗಾಗಿ ಬೆಳೆಸಿಕೊಂಡ ಹೊಸ ನಾಳಗಳಲ್ಲಂತೂ ಹೊಲಿಗೆ ಮೊದಲಿನಿಂದಲೇ ನೆಟ್ಟಗಿರುವುದಿಲ್ಲ. ರಕ್ತದ ಪ್ರೋಟೀನು ಹೊರಬಿದ್ದು ಹಿಂದೆಯೇ ನೀರನ್ನೂ ಎಳೆಯುತ್ತದೆ. ಮೆದುಳಿನ ಬಿಳಿ ಭಾಗದ ನರತಂತುಗಳ ನಡುವಿನ ಸಂದುಗಳೇ ಅದಕ್ಕೆ ಸಾಲುಗಳು. ತಲೆಬುರುಡೆ ಹಿಗ್ಗುವುದಿಲ್ಲವಲ್ಲ, ಒತ್ತಡ ಏರುತ್ತದೆ: ಬೆಳಗಿನ ಜಾವದ ತಲೆನೋವು, ವಾಂತಿ, ಒಂದು ಕೈ ಸೋಲುವುದು.

ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಆ ಸಡಿಲ ಹೊಲಿಗೆಯನ್ನು ಬಿಗಿ ಮಾಡುತ್ತದೆ. ಒಂದೆರಡು ದಿನದಲ್ಲಿ ತಲೆನೋವು ಇಳಿದು, ಸೋತ ಕೈ ಲೋಟ ಎತ್ತೀತು. ಆಗಲೇ ಎಡವಟ್ಟು! "ಗುಣವಾಯ್ತು" ಅಂತ ಮಾತ್ರೆ ಬಿಡುತ್ತಾರೆ. ಇಳಿದದ್ದು ಬಾವು. ಗಡ್ಡೆ ಅಲ್ಲೇ ಕೂತಿದೆ, ಏಡಿ ಕೊರೆಯುತ್ತಲೇ ಇದೆ. ವಾರಗಟ್ಟಲೆ ತಿಂದವರು ಥಟ್ಟನೆ ಬಿಟ್ಟರೆ ಇನ್ನೊಂದು ಅಪಾಯ: ಮಾತ್ರೆ ಸಿಗುತ್ತಿದ್ದಷ್ಟು ದಿನ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ, ರಕ್ತದೊತ್ತಡ ಕಾಯುವ ತನ್ನದೇ ಸ್ಟಿರಾಯ್ಡ್ ಆದ ಕಾರ್ಟಿಸೋಲ್ ತಯಾರಿಕೆ ನಿಲ್ಲಿಸಿರುತ್ತದೆ. ರಕ್ತದೊತ್ತಡ ಕುಸಿದು ಮನುಷ್ಯ ಬೀಳುತ್ತಾನೆ. ವೈದ್ಯರು ಬರೆದ ಲೆಕ್ಕದಂತೆಯೇ ಮೆಲ್ಲಗೆ ಇಳಿಸಬೇಕು.

ಸಮಯ ಮುಗಿಯಿತು ಅಂತ ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ. ಮಾತ್ರೆ ತಿಂಡಿಯಾದ ಮೇಲೆ ತಗೊಳ್ಳಿ. ರಾತ್ರಿ ತಡವಾಗಿ ತಗೊಂಡರೆ ನಿದ್ದೆ ಬರುವುದಿಲ್ಲ. ಸಕ್ಕರೆ ಕಾಯಿಲೆಯವರು ರಕ್ತ ಪರೀಕ್ಷೆ ಮಾಡಿಸುತ್ತಿರಿ, ಏರಿಯೇ ಏರುತ್ತದೆ. ನಮಸ್ಕಾರ.